ಲಗ್ನಪತ್ರಿಕೆಯ ಅಕ್ಷರ: ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ

ಪುಟ್ಟಿ: ಲಗ್ನಪತ್ರಿಕೆ ಡಿಸೈನ್ ಹಾಕಿದ್ದೇನೆ, ಎಲ್ಲರೂ ನೋಡಿ. ಇಂಗ್ಲಿಷ್ ಪೂರ್ತಿ ಕ್ಯಾಸ್ಲನ್ ಓಪನ್ ಫೇಸ್, ಗೆರೆಗಳ ನಡುವೆ ಬಿಳಿ ಬಿಟ್ಟ ಫಾಂಟ್. ಕನ್ನಡಕ್ಕೂ ಹಾಗೇ ಔಟ್‌ಲೈನ್ ಕೊಟ್ಟಿದ್ದೇನೆ. ಅಕ್ಷರಕ್ಕೆಲ್ಲ ಗೋಲ್ಡ್ ಫಾಯಿಲ್, ಚಿನ್ನದ ಬಣ್ಣದ ತೆಳು ಹಾಳೆ ಒತ್ತಿಸುವುದು.

ಅತ್ತೆ: ತುಂಬಾ ಚೆನ್ನಾಗಿದೆ ಕಣೇ.

ಚಿಕ್ಕಪ್ಪ: ಇಂಗ್ಲಿಷ್ ಹೆಸರುಗಳು ಚೆನ್ನಾಗಿವೆ. ಮುಹೂರ್ತ, ಛತ್ರದ ವಿಳಾಸಕ್ಕೆ ಆ ಅಕ್ಷರ ಬೇಡ. ಕನ್ನಡವಂತೂ ಕೆಟ್ಟಿದೆ.

ಪುಟ್ಟಿ: ಎಲ್ಲ ಒಂದೇ ಥರ ಇರಲಿ ಅಂತ ಚಿಕ್ಕಪ್ಪ. ಮೂರು ಫಾಂಟ್ ಬೆರೆಸಿದರೆ ಗಿಜಿಗಿಜಿ ಅನಿಸುತ್ತದೆ, ಅಲ್ವಾ?

ಚಿಕ್ಕಪ್ಪ: ಒಂದು ಅಕ್ಷರ ದೊಡ್ಡದು ಮಾಡಿ ನೋಡಮ್ಮ. ಎಡಗಡೆ ಗೆರೆ ಕೂದಲೆಳೆಯಷ್ಟು, ಬಲಗಡೆ ದಪ್ಪ, ನಡುವೆ ಬಿಳಿ. ಎಡದಿಂದ ಬೆಳಕು ಬಿದ್ದ ಹಾಗೆ. ಅಕ್ಷರ ಕಾಗದದಿಂದ ಎದ್ದು ನಿಂತಂತೆ ಕಾಣುವುದು ಅದರಿಂದಲೇ. ವಿಳಾಸದಂಥ ಸಣ್ಣ ಅಕ್ಷರಕ್ಕೆ, 9 ಪಾಯಿಂಟ್ ಅಳತೆಗೆ ಇಳಿಸಿದರೆ ಆ ಬಿಳಿಗೆ ಜಾಗ ಎಲ್ಲಿ? ಫಾಯಿಲ್ ಬಿಸಿಯಲ್ಲಿ ಒತ್ತುವಾಗ ಸಂದು ಮುಚ್ಚಿಕೊಳ್ಳುತ್ತದೆ, ಸಣ್ಣ ಗೆರೆ ಅಲ್ಲಲ್ಲಿ ಹತ್ತುವುದೇ ಇಲ್ಲ. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಒಂದೊಂದು ಅಕ್ಷರದ ಅಚ್ಚು, ಜೋಡಿಸುತ್ತಿದ್ದ ಕಾಲದಲ್ಲೂ ಅಷ್ಟೆ. ಇಂಥ ಮೊಳೆಗೆ ಇಂಕು ಒಂಚೂರು ಜಾಸ್ತಿಯಾದರೂ ಒಳಗೆಲ್ಲ ತುಂಬಿಕೊಂಡುಬಿಡುತ್ತಿತ್ತು.

ಅಣ್ಣ: ಕ್ಯಾಸ್ಲನ್ ಅಂದರೆ ಪುಸ್ತಕದ ಅಕ್ಷರ ಅಲ್ವಾ? ಸಣ್ಣದಕ್ಕೂ ಆಗಬೇಕಲ್ಲ.

ಚಿಕ್ಕಪ್ಪ: ಹೆಸರು ಮಾತ್ರ ಅವರದು. ವಿಲಿಯಂ ಕ್ಯಾಸ್ಲನ್ ಲಂಡನ್ನಿನವರು, ಪುಸ್ತಕಕ್ಕೆ ಮೊಳೆ ಕೆತ್ತಿದವರು. ತೀರಿಕೊಂಡದ್ದು 1766ರಲ್ಲಿ. ಈ ಓಪನ್ ಫೇಸ್ ತಂದದ್ದು ಅಮೆರಿಕದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅನ್ನುವ ಮೊಳೆ ಎರಕದ ಕಂಪನಿ, 1915ರಲ್ಲಿ. ಇದು ತಲೆಬರಹದ ಅಕ್ಷರ.

ಪುಟ್ಟಿ: ಕನ್ನಡದಲ್ಲಿ ಏನು ತಪ್ಪಾಗಿದೆ?

ಚಿಕ್ಕಪ್ಪ: ಮೇಲಿನ ‘ಶ್ರೀ’ ನೋಡು. ಒತ್ತು ತಾಗುವ ಕಡೆ ಗೆರೆಯ ಮೇಲೆ ಗೆರೆ ಹಾದಿದೆ. ದೀರ್ಘ ಸೇರುವ ಕಡೆಯೂ ಹಾಗೇ. ನೀನು ಬಳಸಿದ್ದು ಹಳೇ ನುಡಿ ಫಾಂಟ್. ಅದರಲ್ಲಿ ಅಕ್ಷರದ ಮೈ ಒಂದು ತುಂಡು, ದೀರ್ಘ ಇನ್ನೊಂದು, ಒತ್ತು ಮತ್ತೊಂದು. ಒಳಗೆಲ್ಲ ಕಪ್ಪು ತುಂಬಿದ್ದರೆ ಬೆಸುಗೆ ಕಾಣುವುದಿಲ್ಲ. ಔಟ್‌ಲೈನ್ ಕೊಟ್ಟ ಕೂಡಲೇ ತುಂಡು ತುಂಡಿಗೂ ಬೇರೆ ಗೆರೆ ಬರುತ್ತದೆ.

ಅಣ್ಣ: ಡಿಸೈನ್ ಮಾಡುವ ಕೋರಲ್ ಡ್ರಾದಲ್ಲಿ ಅಕ್ಷರವನ್ನು ಕರ್ವ್ ಮಾಡಿ ವೆಲ್ಡ್ ಕೊಟ್ಟರೆ ತುಂಡುಗಳೆಲ್ಲ ಒಂದಾಗಿ ಆ ಗೆರೆ ಹೋಗುತ್ತದೆ ಚಿಕ್ಕಪ್ಪ.

ಚಿಕ್ಕಪ್ಪ: ಆ ಗೆರೆ ಹೋಗುತ್ತದೆ. ಬಲಗಡೆ ದಪ್ಪ ಗೆರೆಯ ಆ ನೆರಳು ಎಲ್ಲಿಂದ ಬರುತ್ತದೆ? ಸುತ್ತಲೂ ಒಂದೇ ದಪ್ಪದ ಗೆರೆ ಎಳೆದರೆ ಸುಮ್ನೆ ಟೊಳ್ಳು ಅಕ್ಷರ. ಪಕ್ಕದಲ್ಲೇ ಇಂಗ್ಲಿಷ್ ಅಷ್ಟು ಚಂದ ನಿಂತಿದೆ. ನಮ್ಮ ಅಕ್ಷರ ಬಡವಾಗಿ ಕಾಣುವುದು ನನಗೆ ಸಹಿಸಲಾಗುವುದಿಲ್ಲ.

ಪುಟ್ಟಿ: ಅಜ್ಜಿ ತಾತನ ಲಗ್ನಪತ್ರಿಕೆಯಲ್ಲಿ ಇಂಥದ್ದೇ ಅಕ್ಷರ ಇತ್ತು. ಅದನ್ನು ನೋಡಿಯೇ ಇಷ್ಟು ದಿನ ಹುಡುಕಿದೆ. ನೀವು ಬೇಡ ಅಂದರೆ ಬೇಜಾರಾಗುತ್ತದೆ.

ಚಿಕ್ಕಪ್ಪ: ಬೇಡ ಅನ್ನಲಿಲ್ಲ ಮಗಳೇ. ಆ ಪತ್ರಿಕೆಯನ್ನು ಟ್ರಂಕಿನಿಂದ ತೆಗೆದು ಒಂದು ಫೋಟೋ ಹಾಕು.

ಪುಟ್ಟಿ: (ಫೋಟೋ) ಹೌದು... ಎರಡು ಹೆಸರು ಮಾತ್ರ ಹಾಗಿವೆ. ಉಳಿದದ್ದೆಲ್ಲ ಮಾಮೂಲಿ ಅಕ್ಷರ.

ಅತ್ತೆ: ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೆ, ಗಮನಿಸಿಯೇ ಇರಲಿಲ್ಲ.

ಪುಟ್ಟಿ: ಸರಿ, ಮುಹೂರ್ತ, ವಿಳಾಸ ಬದಲಾಯಿಸುತ್ತೇನೆ. ಹೆಸರು ಮಾತ್ರ ಎರಡೂ ಭಾಷೆಯಲ್ಲಿ ಹೀಗೇ ಬೇಕು. ಕನ್ನಡಕ್ಕೆ ಏನು ಮಾಡಲಿ? ಸೋಮವಾರ ಪ್ರೆಸ್‌ಗೆ ಕೊಡಬೇಕು.

ಚಿಕ್ಕಪ್ಪ: ನಾನು ಕೈಯಲ್ಲೇ ಬರೆದುಕೊಡುತ್ತೇನೆ. ಎಡಕ್ಕೆ ಸಣ್ಣ, ಬಲಕ್ಕೆ ದಪ್ಪ. ಶನಿವಾರ ಸ್ಕ್ಯಾನರ್ ಇರುವ ಕಡೆ ಕರೆದುಕೊಂಡು ಹೋಗು.