ಈಜುಕೊಳದ ಏಣಿ ಹಿಡಿದರೆ ಕೈ ಜುಮ್ ಅನ್ನುತ್ತದೆ, ಅರ್ಥಿಂಗ್ ಇದ್ದರೂ ಹೀಗ್ಯಾಕೆ?

ತೋಟದವರು, ವಿಜಯಪುರ
ಊರ ಹೊರಗಿನ ನಮ್ಮ ದ್ರಾಕ್ಷಿ ತೋಟದಲ್ಲಿ ಹೋದ ವರ್ಷ ಮಕ್ಕಳಿಗೆ ಅಂತ ಸಣ್ಣ ಈಜುಕೊಳ ಕಟ್ಟಿಸಿದೆವು. ಒಂದು ಎಚ್‌ಪಿ ಫಿಲ್ಟರ್ ಪಂಪ್, ನೀರೊಳಗೆ ಎರಡು ಲೈಟು, ಸ್ಟೀಲ್ ಏಣಿ. ಮೊನ್ನೆ ನೀರಲ್ಲಿದ್ದ ಮಗಳು ಏಣಿ ಹಿಡಿದವಳೇ "ಅಪ್ಪಾ, ಕೈ ಜುಮ್ ಅಂತು" ಅಂದಳು. ನಾನು ಚಪ್ಪಲಿ ಹಾಕಿಕೊಂಡು ಮೇಲೆ ನಿಂತು ಮುಟ್ಟಿದೆ, ಏನೂ ಆಗಲಿಲ್ಲ. ವೈರಿಂಗ್ ಮಾಡಿದವರು "ಅರ್ಥ್ ಪಿಟ್ ಹಾಕಿದ್ದೇವೆ, ಹೆದರಬೇಡಿ" ಅನ್ನುತ್ತಾರೆ. ನಂಬಬಹುದಾ?

ಮೋಟಾರ್ ರಿಪೇರಿ, ಬಾಗಲಕೋಟೆ
ಅಣ್ಣಾರೆ, ಮೊದಲು ಪಂಪ್, ಲೈಟ್ ಎರಡರದ್ದೂ ಮೇನ್ ಆಫ್ ಮಾಡಿ. ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಒದ್ದೆ ಮೈಯೊಳಗೆ ಕರೆಂಟ್ ಸಲೀಸಾಗಿ ಹೋಗುತ್ತದೆ.

ಪಿಟ್ ಒಂದಿದ್ದರೆ ಸಾಕು ಅನ್ನೋದು ತಪ್ಪು. ನಿಮ್ಮ ಪಿಟ್‌ನಿಂದ ಟ್ರಾನ್ಸ್‌ಫಾರ್ಮರ್ ತನಕ ಮಣ್ಣಿನ ದಾರಿಯ ತಡೆ ಒಟ್ಟು 20 ಓಮ್ ಅಂತ ಇಟ್ಟುಕೊಳ್ಳಿ, 230 ವೋಲ್ಟ್‌ಗೆ ಪಂಪಿನ ಬಾಡಿಗೆ ಕರೆಂಟ್ ತಗುಲಿದಾಗ ಹರಿಯೋದು ಹನ್ನೊಂದೂವರೆ ಆಂಪಿಯರ್ ಅಷ್ಟೇ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ 16 ಆಂಪಿಯರ್ ಎಂಸಿಬಿ ಬೀಳೋದೇ ಇಲ್ಲ, ಪಂಪಿನ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಅದಕ್ಕೇ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಸ್ವಲ್ಪ ಕರೆಂಟ್ ಸೋರಿದರೂ ತಕ್ಷಣ ಲೈನ್ ಕಡಿಯೋ ಸ್ವಿಚ್) ಬೇಕೇ ಬೇಕು. 100 ಅಥವಾ 300ರದ್ದು ಮನುಷ್ಯರ ಜೀವ ಕಾಯೋದಕ್ಕಲ್ಲ.

ಸೈಟ್ ಎಂಜಿನಿಯರ್, ಬೆಳಗಾವಿ
ಅದರ ಜೊತೆಗೆ ನಿಮ್ಮಲ್ಲಿ ಬಾಂಡಿಂಗ್, ಅಂದರೆ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸೋದು, ಮಾಡಿದ ಹಾಗೆ ಕಾಣಲ್ಲ. ನೀರು ಒಂದು ವೋಲ್ಟೇಜಿನಲ್ಲಿ, ಏಣಿ ಇನ್ನೊಂದರಲ್ಲಿ, ನಡುವೆ ಮಗು. ನೀವು ನೀರಲ್ಲಿ ಇರಲಿಲ್ಲ, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಏಣಿ, ಪಂಪಿನ ಬಾಡಿ, ಲೈಟಿನ ಲೋಹದ ರಿಂಗು, ಕಾಂಕ್ರೀಟಿನೊಳಗಿನ ಕಬ್ಬಿಣ, ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಬೇಕು. ಆಗ ಎಲ್ಲೋ ಕರೆಂಟ್ ಸೋರಿದರೂ ಎಲ್ಲದರ ವೋಲ್ಟೇಜ್ ಒಟ್ಟಿಗೇ ಏರುತ್ತದೆ, ಮಗುವಿನ ಮೈಯಲ್ಲಿ ಹರಿಯೋದಕ್ಕೆ ವ್ಯತ್ಯಾಸವೇ ಉಳಿಯಲ್ಲ. ಅಮೆರಿಕದ ನಿಯಮದಲ್ಲಿ ಇದಕ್ಕೆ 8 ಗೇಜಿನ ಗಟ್ಟಿ ತಾಮ್ರ ಕೇಳುತ್ತಾರೆ, ಅಂದರೆ 8 ಸ್ಕ್ವೇರ್ ಎಂಎಂಗಿಂತ ಸ್ವಲ್ಪ ಜಾಸ್ತಿ. ನೀವು 10ರದ್ದು ಹಾಕಿಸಿ. ನೀರೊಳಗಿನ ಲೈಟು 230 ವೋಲ್ಟಿನದಾಗಿದ್ದರೆ ತೆಗೆಸಿ 12 ವೋಲ್ಟಿನದು ಹಾಕಿಸಿ, ಅದರ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ ಇರಲಿ.

ತೋಟದವರು, ವಿಜಯಪುರ
ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆ. ನೀರಿಗೂ ಏಣಿಗೂ ನಡುವೆ ಮೀಟರ್ ಹಿಡಿದರೆ ಪಂಪ್ ಓಡುವಾಗ 14 ವೋಲ್ಟ್, ಆಫ್ ಮಾಡಿದರೆ ಸೊನ್ನೆ. ಬೋರ್ಡಿನಲ್ಲಿ ಆರ್‌ಸಿಸಿಬಿಯೇ ಇಲ್ಲ! ಒಂದು ವರ್ಷ ಮಕ್ಕಳು ಅದರಲ್ಲೇ ಈಜಿದ್ದಾರೆ, ನೆನೆಸಿಕೊಂಡರೆ ರಾತ್ರಿ ನಿದ್ದೆ ಬರ್ತಿಲ್ಲ.

ಮೋಟಾರ್ ರಿಪೇರಿ, ಬಾಗಲಕೋಟೆ
ಹಾಗಾದರೆ ಸೋರುತ್ತಿರೋದು ಪಂಪೇ. ಬಿಚ್ಚಿಸಿ, ಮೋಟಾರಿನ ವೈಂಡಿಂಗಿಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸೋ ಮೀಟರ್) ಹಿಡಿಸಿ. ಪಿಟ್ ಕೂಡ ನೋಡಿಸಿ, ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಗೆ ಬಿರುಕು ಬಿಟ್ಟು ಒಣಗಿದರೆ ಓಮ್ ಏರುತ್ತದೆ, ಆಗಾಗ ನೀರು ಹಾಕುತ್ತಿರಬೇಕು. ಆರ್‌ಸಿಸಿಬಿ ಕೂರಿಸಿದ ಮೇಲೆ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಆದರೆ ಆ ಬಟನ್ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷೆ ಮಾಡುತ್ತದೆ, ಅರ್ಥಿಂಗ್, ಬಾಂಡಿಂಗ್ ಸರಿ ಇದೆಯಾ ಅಂತ ಹೇಳಲ್ಲ. ಅದನ್ನು ಮೀಟರ್ ಹಿಡಿದೇ ನೋಡಬೇಕು, ಮಕ್ಕಳು ಇಳಿಯೋದಕ್ಕೆ ಮುಂಚೆ.