ವೃಷಣಕ್ಕೆ ಪೆಟ್ಟಾದ ಮೇಲೆ ಹಾರ್ಮೋನ್ ವರದಿ: ಟೆಸ್ಟೋಸ್ಟೆರಾನ್ ನಾರ್ಮಲ್, ಎಲ್‌ಎಚ್, ಎಫ್‌ಎಸ್‌ಎಚ್ ಜಾಸ್ತಿ. ಏನರ್ಥ?

ಪ್ರಶ್ನೆ | ಮುಂಜಾವು31

ವಯಸ್ಸು 31. ಅಪಘಾತದಲ್ಲಿ ಎರಡೂ ವೃಷಣಗಳಿಗೆ ಪೆಟ್ಟಾಗಿತ್ತು. ಎಡಗಡೆಯದು ಒಡೆದಿದ್ದರಿಂದ ತೆಗೆದಿದ್ದಾರೆ, ಬಲಗಡೆಯದನ್ನು ಹೊಲಿದು ಉಳಿಸಿದ್ದಾರೆ. ಐದು ತಿಂಗಳಾಯಿತು. ಈಗಿನ ವರದಿ:

ಒಟ್ಟು ಟೆಸ್ಟೋಸ್ಟೆರಾನ್ 338 ನ್ಯಾನೋಗ್ರಾಂ/ಡೆಸಿಲೀಟರ್ (ಲ್ಯಾಬ್ ಮಿತಿ 264–916)
ಎಲ್‌ಎಚ್ 13.2 (1.7–8.6)
ಎಫ್‌ಎಸ್‌ಎಚ್ 21.5 (1.5–12.4)
ಫ್ರೀ ಟೆಸ್ಟೋಸ್ಟೆರಾನ್: 'ಕಡಿಮೆ' ಎಂಬ ಗುರುತು
ಪ್ರೊಲ್ಯಾಕ್ಟಿನ್: ಮಿತಿಯೊಳಗೆ

ರಕ್ತ ಕೊಟ್ಟಿದ್ದು 11:40ಕ್ಕೆ, ತಿಂಡಿ ತಿಂದ ಮೇಲೆ. ಕೂದಲಿಗೆಂದು ಬಯೋಟಿನ್ 10 ಮಿ.ಗ್ರಾಂ ಮಾತ್ರೆ ದಿನಾ ನಡೆಯುತ್ತಿದೆ. ಟೆಸ್ಟೋಸ್ಟೆರಾನ್ ಮಿತಿಯೊಳಗಿದ್ದರೂ ಎಲ್‌ಎಚ್, ಎಫ್‌ಎಸ್‌ಎಚ್ ಯಾಕೆ ಏರಿವೆ? ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಬೇಕಾ? ಮುಂದೆ ಮಕ್ಕಳು ಬೇಕು.

ಉತ್ತರ 1 | ಗ್ರಂಥಿವಿಚಾರ

ಟೆಸ್ಟೋಸ್ಟೆರಾನ್ ಅಂಕಿಯನ್ನು ಎಂದೂ ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ಎಲ್‌ಎಚ್ ಇಟ್ಟುಕೊಂಡು ಓದಿ.

ಎಲ್‌ಎಚ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬಂದು ವೃಷಣದ ಲೇಡಿಗ್ ಕೋಶಗಳಿಗೆ 'ಟೆಸ್ಟೋಸ್ಟೆರಾನ್ ತಯಾರಿಸು' ಎಂದು ಹೇಳುತ್ತದೆ. ಸಾಕಷ್ಟು ತಯಾರಾದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಸಾಲದಿದ್ದರೆ ದನಿ ಏರಿಸುತ್ತದೆ. ನಿಮ್ಮ 338 ಬಂದಿರುವುದು 13.2ರಷ್ಟು ದನಿ ಏರಿಸಿದ ಮೇಲೆ. ಅದೇ 338 ಎಲ್‌ಎಚ್ 4 ಇರುವವರಲ್ಲಿ ಬಂದಿದ್ದರೆ ಅರ್ಥವೇ ಬೇರೆ. ನಿಮ್ಮ ಸ್ಥಿತಿಯನ್ನು ವೈದ್ಯರು 'ಕಾಂಪೆನ್ಸೇಟೆಡ್' ಎನ್ನುತ್ತಾರೆ: ಉಳಿದ ಕೋಶಗಳು ಹೆಚ್ಚು ದುಡಿದು ಸದ್ಯಕ್ಕೆ ತೂಗಿಸುತ್ತಿವೆ. ಮುಂದೆ ಟೆಸ್ಟೋಸ್ಟೆರಾನ್ ಇಳಿದು ಎಲ್‌ಎಚ್ ಇನ್ನೂ ಏರಿದರೆ ಆ ತೂಗಿಸುವಿಕೆ ಸೋಲುತ್ತಿದೆ ಎಂದು ತಿಳಿಯಬೇಕು.

ಎಫ್‌ಎಸ್‌ಎಚ್‌ನ ಕಥೆ ಬೇರೆ. ಅದೂ ಪಿಟ್ಯುಟರಿಯದೇ, ಆದರೆ ವೀರ್ಯಾಣು ತಯಾರಿಕೆಗೆ ಸಂಬಂಧಿಸಿದ್ದು. ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳು ಇನ್ಹಿಬಿನ್ ಬಿ ಎಂಬ ಹಾರ್ಮೋನ್ ಬಿಟ್ಟು ಎಫ್‌ಎಸ್‌ಎಚ್‌ಗೆ ಕಡಿವಾಣ ಹಾಕುತ್ತವೆ. ಆ ಕೋಶಗಳಿಗೆ ಹಾನಿಯಾದರೆ ಕಡಿವಾಣ ಸಡಿಲವಾಗಿ ಎಫ್‌ಎಸ್‌ಎಚ್ ಏರುತ್ತದೆ. ವೃಷಣದ ಗಾತ್ರದಲ್ಲಿ ಹೆಚ್ಚಿನ ಪಾಲು ವೀರ್ಯಾಣು ತಯಾರಾಗುವ ನಾಳಗಳದ್ದೇ, ಪೆಟ್ಟಿಗೆ, ರಕ್ತದ ಕೊರತೆಗೆ ಮೊದಲು ಬಲಿಯಾಗುವುದೂ ಅವೇ. ಲೇಡಿಗ್ ಕೋಶಗಳು ಸ್ವಲ್ಪ ಗಟ್ಟಿ. ಹಾಗಾಗಿ ಟೆಸ್ಟೋಸ್ಟೆರಾನ್ ಪರವಾಗಿಲ್ಲ ಎನ್ನುವ ಹಾಗಿದ್ದರೂ ವೀರ್ಯಾಣು ಕುಸಿದಿರಬಹುದು. ಹಾಗೆಂದು 21.5 ಅಂದರೆ ವೀರ್ಯಾಣು ಸೊನ್ನೆ ಎಂದಲ್ಲ. ಅದನ್ನು ಹೇಳುವುದು ವೀರ್ಯ ಪರೀಕ್ಷೆ ಮಾತ್ರ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಅಪಘಾತದಲ್ಲಿ ತಲೆಗೂ ಪೆಟ್ಟಾಗಿದ್ದರೆ ಪಿಟ್ಯುಟರಿಯೇ ಕೆಟ್ಟಿರಬಹುದು. ಆಗ ಟೆಸ್ಟೋಸ್ಟೆರಾನ್ ಕಡಿಮೆ ಇದ್ದೂ ಎಲ್‌ಎಚ್ 'ನಾರ್ಮಲ್' ಎಂದೇ ಬರಬಹುದು, ಅದೇ ಅಪಾಯದ ಗುರುತು. ನಿಮ್ಮಲ್ಲಿ ಎರಡೂ ಚೆನ್ನಾಗಿ ಏರಿರುವುದರಿಂದ ತೊಂದರೆ ವೃಷಣದಲ್ಲೇ ಎಂದು ಸ್ಪಷ್ಟ.

ಉತ್ತರ 2 | ಲ್ಯಾಬ್‌ಬೆಂಚ್

ಮೇಲಿನದನ್ನು ಒಪ್ಪುತ್ತೇನೆ. ಆದರೆ ಈ ಮಾದರಿಯ ಮೇಲೆ ಯಾವ ನಿರ್ಧಾರವನ್ನೂ ಕಟ್ಟಬೇಡಿ.

ಟೆಸ್ಟೋಸ್ಟೆರಾನ್ ಮುಂಜಾನೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುತ್ತದೆ, ಊಟ ತಿಂಡಿಯಾದ ಮೇಲೂ ಇಳಿಯುತ್ತದೆ. 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಡಿ. ಸಾಧ್ಯವಾದರೆ ಅದೇ ಲ್ಯಾಬ್. ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ. ಜ್ವರ ಬಂದ ವಾರ, ರಾತ್ರಿ ನಿದ್ದೆಗೆಟ್ಟ ಮರುದಿನ ಬೇಡ. ಓಪಿಯಾಯ್ಡ್ ನೋವಿನ ಮಾತ್ರೆ ಅಥವಾ ಸ್ಟೀರಾಯ್ಡ್ ನಡೆಯುತ್ತಿದ್ದರೆ ಮೊದಲೇ ಹೇಳಿ, ಎರಡೂ ಟೆಸ್ಟೋಸ್ಟೆರಾನ್ ಇಳಿಸುತ್ತವೆ.

ಬಯೋಟಿನ್ ವಿಷಯ ಗಂಭೀರ. ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಿದೆ. ಅಂಥ ಕಡೆ ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಎಲ್‌ಎಚ್, ಎಫ್‌ಎಸ್‌ಎಚ್ ನಿಜಕ್ಕಿಂತ ಕಡಿಮೆ, ಟೆಸ್ಟೋಸ್ಟೆರಾನ್ ನಿಜಕ್ಕಿಂತ ಹೆಚ್ಚು ತೋರಬಹುದು. ಅಂದರೆ ನಿಮ್ಮ ನಿಜ ಚಿತ್ರ ಇದಕ್ಕಿಂತ ಕೆಟ್ಟದಿರುವ ಸಾಧ್ಯತೆಯೂ ಇದೆ. ಮೂರು ದಿನ ಮಾತ್ರೆ ನಿಲ್ಲಿಸಿ ಮತ್ತೆ ಕೊಡಿ.

ಫ್ರೀ ಟೆಸ್ಟೋಸ್ಟೆರಾನ್ (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಪಾಲು) ಅನ್ನು ನೇರ ಕಿಟ್‌ನಲ್ಲಿ ಅಳೆದಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ. ಅದರ ಬದಲು ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನ್‌ಗಳಾದ ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಪರೀಕ್ಷೆ ಮಾಡಿಸಿ, ಒಟ್ಟು ಟೆಸ್ಟೋಸ್ಟೆರಾನ್ ಜೊತೆ ಸೂತ್ರಕ್ಕೆ ಹಾಕಿ ಲೆಕ್ಕ ಹಾಕುತ್ತಾರೆ. ಬೊಜ್ಜು, ಥೈರಾಯ್ಡ್ ಕೊರತೆ ಇದ್ದರೆ ಎಸ್‌ಎಚ್‌ಬಿಜಿ ಇಳಿದು ಒಟ್ಟು ಅಂಕಿಯೂ ಸುಳ್ಳೇ ಕಡಿಮೆ ಕಾಣುತ್ತದೆ. ಥೈರಾಯ್ಡ್ ಹೆಚ್ಚಾಗಿದ್ದರೆ, ಯಕೃತ್ತು ಕೆಟ್ಟಿದ್ದರೆ ಇದಕ್ಕೆ ತದ್ವಿರುದ್ಧ.

ಬೇರೆ ವರದಿಯ ಜೊತೆ ಹೋಲಿಸುವಾಗ ಏಕಮಾನ ನೋಡಿ. ನ್ಯಾನೋಮೋಲ್/ಲೀಟರ್ ಬೇಕಿದ್ದರೆ 28.84ರಿಂದ ಭಾಗಿಸಿ: 338 ಅಂದರೆ 11.7.

ಉತ್ತರ 3 | ಬೀಜರಕ್ಷೆ

ಮಕ್ಕಳು ಬೇಕು ಎಂದಿದ್ದೀರಿ. ಹಾಗಿದ್ದರೆ ವೀರ್ಯ ಪರೀಕ್ಷೆ ಆಗುವವರೆಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನೂ ಬೇಡ, ಜೆಲ್ಲೂ ಬೇಡ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೃಷಣದ ಒಳಗಿನ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರಬೇಕು, ವೀರ್ಯಾಣು ಬೆಳೆಯುವುದು ಅದರಿಂದ. ಅದು ಕುಸಿದರೆ ವೀರ್ಯಾಣು ತಿಂಗಳುಗಳಲ್ಲೇ ಸೊನ್ನೆಗೆ ಬರಬಹುದು. ಆರೋಗ್ಯವಂತರಲ್ಲೇ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು, ಪೆಟ್ಟು ತಿಂದ ಒಂದೇ ವೃಷಣದಲ್ಲಿ ಆ ಭರವಸೆ ಇಟ್ಟುಕೊಳ್ಳಲಾಗದು. ಜೊತೆಗೆ ಇಂಜೆಕ್ಷನ್ ಶುರುವಾದ ಮೇಲೆ ಎಲ್‌ಎಚ್ ಅಂಕಿಯಿಂದ ವೃಷಣದ ಸ್ಥಿತಿ ತಿಳಿಯುವುದೂ ತಪ್ಪಿಹೋಗುತ್ತದೆ.

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಪೆಟ್ಟಾಗಿ ಐದು ತಿಂಗಳಾಗಿರುವುದರಿಂದ ಈಗಿನ ಪರೀಕ್ಷೆ ನಿಜ ಹೇಳುತ್ತದೆ. 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಇದ್ದು ಮಾದರಿ ಕೊಡಿ. ಮೊದಲ ಹನಿಗಳು ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ, ವೀರ್ಯಾಣು ಹೆಚ್ಚಿರುವುದು ಆ ಭಾಗದಲ್ಲೇ. ಮನೆಯಿಂದ ತರುವುದಾದರೆ ಮೈಗೆ ಒತ್ತಿಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಕೆಲವು ವಾರಗಳ ಅಂತರದಲ್ಲಿ ಎರಡು ಮಾದರಿ ಬೇಕು. ಮಿಲಿಲೀಟರಿಗೆ 16 ಮಿಲಿಯನ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ. ಎಣಿಕೆ ತೀರಾ ಕಡಿಮೆ ಇದ್ದರೆ ತಡಮಾಡದೆ ವೀರ್ಯವನ್ನು ಶೀತಲೀಕರಿಸಿ ಇಡಿಸಿ. ಏನೂ ಕಾಣದಿದ್ದರೆ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ) ತಳದಲ್ಲಿ ಹುಡುಕಲು ಕೇಳಿ. ಅಲ್ಲೂ ಸಿಗದಿದ್ದರೆ ಸೂಕ್ಷ್ಮದರ್ಶಕದಡಿ ವೃಷಣದಿಂದಲೇ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆ ಇದೆ.

ಮುಂಜಾವು31

ಧನ್ಯವಾದ. ಹಾಗಾದರೆ ಟೆಸ್ಟೋಸ್ಟೆರಾನ್ ಬದಲು ಎಚ್‌ಸಿಜಿ ಇಂಜೆಕ್ಷನ್ ಆಗಬಹುದಾ? ಮತ್ತೆ ಯಾವಾಗ ಪರೀಕ್ಷೆ ಮಾಡಿಸಲಿ?

ಉತ್ತರ 4 | ಗ್ರಂಥಿವಿಚಾರ

ಎಚ್‌ಸಿಜಿ ಮಾಡುವುದು ಎಲ್‌ಎಚ್‌ನ ಕೆಲಸವನ್ನೇ. ಪಿಟ್ಯುಟರಿ ಕೆಟ್ಟವರಿಗೆ ಅದು ಒಳ್ಳೆಯ ಮದ್ದು. ನಿಮ್ಮಲ್ಲಿ ಎಲ್‌ಎಚ್ ಆಗಲೇ ಏರಿದೆ, ಸುಸ್ತಾದ ಎತ್ತಿಗೆ ಇನ್ನೊಂದು ಬಾರುಕೋಲು ಬೀಸಿದ ಹಾಗೆ. ಹೆಚ್ಚಿನ ಲಾಭ ನಿರೀಕ್ಷಿಸಬೇಡಿ.

ಈಗ ಸರಿಯಾದ ಎರಡು ಮುಂಜಾನೆ ಮಾದರಿ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ, ಅಂಕಿಗಳು ಒಂದೆಡೆ ನಿಂತ ಮೇಲೆ ವರ್ಷಕ್ಕೊಮ್ಮೆ. ಟೆಸ್ಟೋಸ್ಟೆರಾನ್ ಕಡಿಮೆ ಎಂದು ಎರಡು ಸಲ ಖಚಿತವಾಗಿ, ಲಕ್ಷಣಗಳೂ ಇದ್ದರೆ (ಬೆಳಗಿನ ನಿಮಿರುವಿಕೆ ನಿಂತಿರುವುದು, ಕಾಮಾಸಕ್ತಿ ಕುಗ್ಗಿರುವುದು, ಮೈ ಬಿಸಿಯೇರಿ ಬೆವರುವುದು, ಗಡ್ಡ ನಿಧಾನವಾಗಿ ಬೆಳೆಯುವುದು) ಚಿಕಿತ್ಸೆಯ ಮಾತು ಬರುತ್ತದೆ. ಆ ಹೊತ್ತಿಗೆ ಹಿಮೋಗ್ಲೋಬಿನ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಮೂಳೆ ಸಾಂದ್ರತೆಯನ್ನೂ ನೋಡುತ್ತಾರೆ. ಚಿಕಿತ್ಸೆಯಲ್ಲಿ ಹೆಮಟೋಕ್ರಿಟ್ ಶೇಕಡ 54 ದಾಟಿದರೆ ಮದ್ದು ನಿಲ್ಲಿಸಿ, ಅದು ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡುತ್ತಾರೆ.

ಉಳಿದಿರುವ ವೃಷಣವನ್ನು ತಿಂಗಳಿಗೊಮ್ಮೆ ಸ್ನಾನದ ನಂತರ ಮುಟ್ಟಿ ನೋಡಿಕೊಳ್ಳಿ. ಗಟ್ಟಿ ಗಂಟು ಸಿಕ್ಕರೆ ಹಳೇ ಗಾಯದ ಗುರುತೆಂದು ಬಿಡದೆ ಸ್ಕ್ಯಾನ್ ಮಾಡಿಸಿ. ದಿಢೀರ್ ನೋವು ಬಂದರೆ ಮರುದಿನಕ್ಕೆ ಕಾಯಬೇಡಿ, ತಿರುಚಿಕೊಂಡ ವೃಷಣವನ್ನು ಉಳಿಸಲು ಸುಮಾರು ಆರು ಗಂಟೆಯಷ್ಟೇ ಇರುವುದು.