ದಿನಬಾಡಿಗೆ ಮನೆಯ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದಿದೆ. ಬಾಡಿಗೆ ವಾಪಸ್ ಕೊಡ್ತೀವಿ, ಸಹಿ ಹಾಕಿ ಅಂತಿದ್ದಾರೆ. ಹಾಕಲಾ?

ಸೂಜಿದಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆ್ಯಪ್‌ನಲ್ಲಿ ಬುಕ್ ಮಾಡಿ ಒಂದು ಮನೆಯಲ್ಲಿ ಕುಟುಂಬ ಸಮೇತ ಉಳಿದಿದ್ದೆವು. ಜಾಗದ ಹೆಸರು, ಆ್ಯಪ್ ಹೆಸರು ಬೇಕಂತಲೇ ಹಾಕ್ತಿಲ್ಲ, ಮಾತುಕತೆ ಇನ್ನೂ ನಡೀತಿದೆ.

ಮಲಗೋ ಕೋಣೆ ಮೇಲೆ, ಅಡುಗೆಮನೆ ಕೆಳಗೆ. ರಾತ್ರಿ ನೀರು ತರೋಣ ಅಂತ ಇಳೀತಿದ್ದೆ. ಮೆಟ್ಟಿಲ ಮೇಲಿನ ಲೈಟ್ ಹತ್ತಲಿಲ್ಲ. ರೇಲಿಂಗ್ ಹಿಡ್ಕೊಂಡೇ ಇಳಿದೆ. ಆದರೆ ಆ ರೇಲಿಂಗ್ ಕೊನೇವರೆಗೂ ಬರೋದೇ ಇಲ್ಲ, ಇನ್ನೆರಡು ಮೆಟ್ಟಿಲು ಇರುವಾಗಲೇ ಮುಗಿದುಹೋಗುತ್ತೆ. ಕತ್ತಲಲ್ಲಿ ಕೈಗೆ ಕಂಬಿ ಸಿಗದಿದ್ದಾಗ ನೆಲ ಬಂತು ಅಂದುಕೊಂಡು ಕಾಲಿಟ್ಟೆ. ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಮುರಿದು, ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡಿ ಸಂಪಾದಿಸೋಳು. ಈಗ ಕತ್ತರಿ ಹಿಡಿಯೋಕೂ ಆಗ್ತಿಲ್ಲ. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಬೇರೆಯವರಿಗೆ ವಹಿಸಿಬಿಟ್ಟೆ.

ಈಗಿನ ಪರಿಸ್ಥಿತಿ ಹೀಗಿದೆ. ಮನೆ ನೋಡಿಕೊಳ್ಳೋ ವ್ಯಕ್ತಿ, "ನಾನು ಬರೀ ಮ್ಯಾನೇಜರ್, ಮಾಲೀಕರನ್ನ ಕೇಳಿ" ಅಂತಾರೆ. ಮಾಲೀಕರು ಫೋನ್ ಎತ್ತಲ್ಲ. ಆ್ಯಪ್‌ನವರು, "ನಾವು ಮಧ್ಯವರ್ತಿಗಳು, ಸದ್ಭಾವನೆಯಿಂದ ಬಾಡಿಗೆ ಪೂರ್ತಿ ವಾಪಸ್ ಕೊಡ್ತೀವಿ" ಅಂತ ಒಂದು ಪತ್ರ ಕಳಿಸಿದ್ದಾರೆ. ಅದರ ಕೆಳಗೆ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತಿದೆ, ಅಂದರೆ ಸಹಿ ಹಾಕಿದರೆ ಮುಂದೆ ಇನ್ನೇನೂ ಕೇಳೋ ಹಾಗಿಲ್ಲ. ಮನೆಯ ನಿಯಮಗಳಲ್ಲಿ "ಅತಿಥಿಗಳು ಸ್ವಂತ ಜವಾಬ್ದಾರಿಯ ಮೇಲೆ ಉಳಿಯತಕ್ಕದ್ದು" ಅನ್ನೋ ಸಾಲೂ ಇತ್ತಂತೆ. ಅದನ್ನ ಈಗ ಎತ್ತಿ ತೋರಿಸ್ತಿದ್ದಾರೆ. ನಾನು ಬಿದ್ದ ಮರುದಿನ ಬೆಳಿಗ್ಗೆಯೇ ಹೊಸ ಬಲ್ಬ್ ಬಂದುಬಿಡ್ತು, ಅದು ಬೇರೆ!

ಯಾರ ಮೇಲೆ ಹೋಗಬೇಕು? ಹೋದರೆ ಏನಾದರೂ ಸಿಗುತ್ತಾ? ಮನೆಯವರು "ಬಂದಷ್ಟು ತಗೊಂಡು ಸುಮ್ಮನಿರು" ಅಂತಿದ್ದಾರೆ.

ಮಳೆಗಾಲ

ಸಹಿ ಮಾತ್ರ ಹಾಕಬೇಡಿ ಅಕ್ಕ. ಉಳಿದದ್ದು ತಿಳಿದವರು ಹೇಳ್ತಾರೆ.

ಕರಿಕೋಟು

ಮೇಡಂ, ನಾನು ವಕೀಲ, ಅಪಘಾತ ಪರಿಹಾರದ ಕೇಸುಗಳೇ ಹೆಚ್ಚು. ನಿಮ್ಮ ರೇಲಿಂಗ್ ವಿಷಯ ಓದಿ ಕೂತಲ್ಲೇ ನೆಟ್ಟಗಾದೆ. ಇಂಥದ್ದೇ ಒಂದು ಹಳೇ ಕೇಸಿದೆ: ಇಂಗ್ಲೆಂಡಿನ ವೀಟ್ ವಿರುದ್ಧ ಲೇಕನ್, 1966. ಒಂದು ಪಬ್‌ನ ಮಹಡಿಯಲ್ಲಿ ಹಣ ಕೊಟ್ಟು ಉಳಿದಿದ್ದ ಅತಿಥಿ ರಾತ್ರಿ ಹಿಂದಿನ ಮೆಟ್ಟಿಲಲ್ಲಿ ಬಿದ್ದು ತೀರಿಕೊಂಡರು. ಅಲ್ಲೂ ರೇಲಿಂಗ್ ಕೆಳಗಿನವರೆಗೆ ಬಂದಿರಲಿಲ್ಲ, ಅಲ್ಲೂ ಬಲ್ಬ್ ಇರಲಿಲ್ಲ. ಕಟ್ಟಡ ಬಿಯರ್ ಕಂಪನಿಯದು, ನಡೆಸುತ್ತಿದ್ದವರು ಮ್ಯಾನೇಜರ್ ದಂಪತಿ. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದೇನು ಗೊತ್ತಾ? ಒಂದೇ ಜಾಗ ಒಬ್ಬರಿಗಿಂತ ಹೆಚ್ಚು ಜನರ ಹತೋಟಿಯಲ್ಲಿ ಇರಬಹುದು, ಹತೋಟಿ ಇದ್ದವರೆಲ್ಲರಿಗೂ ಒಳಗೆ ಬಂದವರ ಸುರಕ್ಷತೆಯ ಹೊಣೆ ಇರುತ್ತದೆ ಅಂತ. ಆದ್ದರಿಂದ "ನಾನು ಬರೀ ಮ್ಯಾನೇಜರ್" ಅನ್ನೋ ಮಾತಿಗೆ ಹೆದರಬೇಡಿ. ಬಲ್ಬ್ ಬದಲಿಸೋ ಅಧಿಕಾರ ಯಾರಿಗಿತ್ತು, ರೇಲಿಂಗ್ ಉದ್ದ ಮಾಡಿಸೋ ಅಧಿಕಾರ ಯಾರಿಗಿತ್ತು ಅನ್ನೋದನ್ನ ಬೇರೆ ಬೇರೆಯಾಗಿ ಕೇಳಿ. ಉತ್ತರ ಇಬ್ಬರು ಬೇರೆ ಬೇರೆ ಜನ ಆಗಬಹುದು. ನೋಟಿಸ್ ಇಬ್ಬರಿಗೂ ಹೋಗಲಿ.

ಇನ್ನು ಸಿಹಿಯಲ್ಲದ ಮಾತು. ಆ ಕೇಸಿನಲ್ಲಿ ವಿಧವೆಗೆ ಪರಿಹಾರ ಸಿಗಲಿಲ್ಲ. ರೇಲಿಂಗ್ ಗಿಡ್ಡ ಇದ್ದದ್ದೊಂದೇ ಮೆಟ್ಟಿಲನ್ನ ಅಪಾಯಕಾರಿ ಮಾಡಲಿಲ್ಲ, ಬಲ್ಬನ್ನ ಯಾರೋ ಹೊರಗಿನವರು ತೆಗೆದಿದ್ದರೆ ಅದಕ್ಕೆ ಕಂಪನಿ ಹೊಣೆಯಲ್ಲ ಅಂದರು. ಹೊಣೆ ಇದೆ ಅಂತ ಸಾಬೀತಾಗೋದು ಬೇರೆ, ಆ ಹೊಣೆಯಲ್ಲಿ ತಪ್ಪಿದರು ಅಂತ ಸಾಬೀತಾಗೋದು ಬೇರೆ. ನಿಮ್ಮ ಕೇಸು ನಿಲ್ಲೋದು ಬೀಳೋದು ಎರಡನೆಯದರ ಮೇಲೆ. ಆ ಲೈಟ್ ಎಷ್ಟು ದಿನದಿಂದ ಕೆಟ್ಟಿತ್ತು? ಅವರಿಗೆ ಗೊತ್ತಿತ್ತಾ, ಅಥವಾ ಒಮ್ಮೆ ಕಣ್ಣಾಡಿಸಿದ್ದರೂ ಗೊತ್ತಾಗುತ್ತಿತ್ತಾ? ನಿಮ್ಮ ಸಮಯವನ್ನೆಲ್ಲ ಇದಕ್ಕೆ ಹಾಕಿ.

ಮರುದಿನದ ಹೊಸ ಬಲ್ಬ್ ನೋಡಿ "ಸಿಕ್ಕಿಬಿದ್ರು" ಅಂದುಕೊಳ್ಳೋರೇ ಹೆಚ್ಚು. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 407ರ ಪ್ರಕಾರ ಅಪಘಾತದ ನಂತರ ಮಾಡಿದ ದುರಸ್ತಿಯನ್ನ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಇಲ್ಲದಿದ್ದರೆ ಭಯಕ್ಕೆ ಯಾರೂ ರಿಪೇರಿಯೇ ಮಾಡಿಸಲ್ಲ ಅನ್ನೋದು ತರ್ಕ. ಆದರೆ ಹತೋಟಿ ಯಾರದು ಅನ್ನೋದೇ ಜಗಳವಾದಾಗ ಅದನ್ನ ಮುಂದಿಡಬಹುದು. ಆ ಬಲ್ಬ್ ಮ್ಯಾನೇಜರೇ ಹಾಕಿಸಿದ್ದಾದರೆ, "ನನಗೇನೂ ಸಂಬಂಧವಿಲ್ಲ" ಅನ್ನೋ ಅವರ ಮಾತಿಗೇ ಅದು ಉತ್ತರ. ಬೇರೆ ದೇಶಗಳಲ್ಲಿ ನಿಯಮ ಬೇರೆ. ಮನೆ ಎಲ್ಲಿದೆಯೋ ಸಾಮಾನ್ಯವಾಗಿ ಅಲ್ಲಿನ ಕಾನೂನೇ ನಡೆಯೋದು, ನೀವು ಎಲ್ಲಿಯವರು ಅನ್ನೋದಲ್ಲ.

"ಸ್ವಂತ ಜವಾಬ್ದಾರಿ" ಸಾಲಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 65ನೇ ಕಲಂ ಪ್ರಕಾರ, ವ್ಯಾಪಾರ ಮಾಡುವವರು ತಮ್ಮ ನಿರ್ಲಕ್ಷ್ಯದಿಂದಾದ ಸಾವು ಅಥವಾ ದೇಹದ ಗಾಯದ ಹೊಣೆಯನ್ನ ಇಂಥ ಸಾಲು ಬರೆದು ಕಳಚಿಕೊಳ್ಳೋ ಹಾಗಿಲ್ಲ. ಎಲ್ಲ ಕಡೆ ಇಷ್ಟು ಖಡಾಖಂಡಿತ ಇಲ್ಲ, ಆದರೂ ಇಂಥ ಸಾಲುಗಳನ್ನ ಕೋರ್ಟುಗಳು ಅನುಮಾನದಿಂದಲೇ ಓದ್ತವೆ.

ಕೀಲಿಕೈ

ನಾನೂ ಒಂದು ಮನೆಯನ್ನ ದಿನಬಾಡಿಗೆಗೆ ಕೊಡೋಳೇ, ಹಾಗಾಗಿ ಆ ಕಡೆಯಿಂದ ಒಂದು ಮಾತು. ದಯವಿಟ್ಟು ಮಾಲೀಕರನ್ನ ಅವರ ವಿಮೆ ಬಗ್ಗೆ ಕೇಳಿ, ಬರವಣಿಗೆಯಲ್ಲೇ ಕೇಳಿ. ಸಾಮಾನ್ಯ ಮನೆ ವಿಮೆಯಲ್ಲಿ "ವ್ಯಾಪಾರಕ್ಕೆ ಬಳಸಿದರೆ ಅನ್ವಯಿಸದು" ಅನ್ನೋ ಷರತ್ತು ಎಷ್ಟೋ ಸಲ ಇರುತ್ತೆ. ಅದಕ್ಕೇ ಕೆಲವರು ಫೋನ್ ಎತ್ತಲ್ಲ, ಭಯ ಅಷ್ಟೇ. ಆದರೆ ಆ್ಯಪ್ ಕಡೆಯಿಂದ ಬೇರೆ ರಕ್ಷಣೆ ಇರಬಹುದು. ಉದಾಹರಣೆಗೆ ಏರ್‌ಬಿಎನ್‌ಬಿ ತನ್ನ ಆತಿಥೇಯರಿಗೆ 10 ಲಕ್ಷ ಡಾಲರ್‌ವರೆಗಿನ ಹೊಣೆಗಾರಿಕೆ ವಿಮೆ ಕೊಡುತ್ತೆ. ಅತಿಥಿಗೆ ಗಾಯವಾಗಿ, ಕಾನೂನಿನ ಪ್ರಕಾರ ಆತಿಥೇಯರೇ ಹೊಣೆ ಅಂತಾದರೆ ಅದು ಬಳಕೆಗೆ ಬರುತ್ತೆ. ನಿಮ್ಮದು ಯಾವ ಆ್ಯಪ್ಪೋ, ಅಂಥದ್ದು ಇದೆಯಾ ನೋಡಿ. "ಬಾಡಿಗೆ ವಾಪಸ್" ಅನ್ನೋದು ಗ್ರಾಹಕ ಸೇವೆಯವರ ಮಾತು. ವಿಮೆ ಕ್ಲೇಮ್ ಇಲಾಖೆಯೇ ಬೇರೆ. ಅಲ್ಲಿಗೆ ನೀವು ಇನ್ನೂ ತಲುಪೇ ಇಲ್ಲ ಅನ್ಸುತ್ತೆ.

ರೇಲಿಂಗ್ ಗಿಡ್ಡ ಬಿಟ್ಟು ಮೆಟ್ಟಿಲು ಕಟ್ಟೋರನ್ನ ಏನನ್ನಬೇಕೋ ಗೊತ್ತಿಲ್ಲ ಕಣ್ರೀ.

ಸೂಜಿದಾರ

ಎಲ್ಲರಿಗೂ ಧನ್ಯವಾದ. ವಕೀಲ ಸರ್, ಎರಡು ಪ್ರಶ್ನೆ. ಮ್ಯಾನೇಜರ್ ಈಗ "ನೀವು ಫೋನಿನ ಟಾರ್ಚ್ ಹಾಕ್ಕೋಬೇಕಿತ್ತು" ಅಂತ ಶುರು ಮಾಡಿದ್ದಾರೆ. ಅದರಿಂದ ಕೇಸ್ ಬಿದ್ದುಹೋಗುತ್ತಾ? ಮತ್ತೆ ನನಗೆ ಸಂಬಳದ ಚೀಟಿ ಅಂತೇನೂ ಇಲ್ಲ. ಕಳಕೊಂಡ ದುಡಿಮೆಯನ್ನ ಹೇಗೆ ತೋರಿಸೋದು?

ಕರಿಕೋಟು

ಟಾರ್ಚ್ ಮಾತು ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಹೆಚ್ಚಿನ ಕಡೆ ಗಾಯಗೊಂಡವರ ಪಾಲಿನ ಅಜಾಗರೂಕತೆ ಎಷ್ಟೋ ಅಷ್ಟು ಪರಿಹಾರದಲ್ಲಿ ಕಡಿತವಾಗುತ್ತೆ, ಪೂರ್ತಿ ಹೋಗಲ್ಲ. ಅಮೆರಿಕದ ಅಲಬಾಮಾ, ವರ್ಜೀನಿಯಾ, ಮೇರಿಲ್ಯಾಂಡ್‌ನಂಥ ಕೆಲವೇ ರಾಜ್ಯಗಳಲ್ಲಿ ಸ್ವಲ್ಪ ತಪ್ಪಿದ್ದರೂ ಏನೂ ಸಿಗದಂಥ ಹಳೇ ನಿಯಮ ಉಳಿದಿದೆ. ಆದ್ದರಿಂದ ಮ್ಯಾನೇಜರ್ ಜೊತೆ ಇದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ವಾದ ಬೇಡ. "ಹೌದು, ಹಾಕ್ಕೋಬಹುದಿತ್ತು" ಅಂತ ಸೌಜನ್ಯಕ್ಕೆ ಬರೆದ ಸಾಲನ್ನೂ ಫೈಲಿಗೆ ಹಾಕ್ತಾರೆ. ವಿಮೆಯವರು "ಹೇಳಿಕೆ ರೆಕಾರ್ಡ್ ಮಾಡ್ಕೋತೀವಿ" ಅಂತ ಫೋನ್ ಮಾಡಿದರೂ, ಲಿಖಿತವಾಗಿ ಕೇಳಿ ಅನ್ನಿ.

ದುಡಿಮೆಗೆ ನಿಮ್ಮ ಆರ್ಡರ್ ಪುಸ್ತಕವೇ ಸಾಕ್ಷಿ. ಯಾರ ಬಟ್ಟೆ, ಯಾವ ತಾರೀಖು, ಎಷ್ಟು ಮುಂಗಡ, ಎಲ್ಲ ಇರುತ್ತಲ್ಲ? ಬಿದ್ದ ಹಿಂದಿನ ಒಂದು ವರ್ಷದ್ದು ಜೋಪಾನ ಮಾಡಿ. ಬೇರೆಯವರಿಗೆ ಕೆಲಸ ವಹಿಸಿದ ಮೆಸೇಜುಗಳು, ಗಿರಾಕಿಗಳು ಆನ್‌ಲೈನ್‌ನಲ್ಲಿ ಕಳಿಸಿದ ಹಣದ ಬ್ಯಾಂಕ್ ವಿವರ, ಇವೂ ಬೇಕು. ಈಗ ಪುಸ್ತಕಕ್ಕೆ ಹೊಸದಾಗಿ ಒಂದಕ್ಷರವನ್ನೂ ಸೇರಿಸಬೇಡಿ, ಚಂದ ಕಾಣಲಿ ಅಂತಲೂ ಬೇಡ.

ಕಾಲಮಿತಿ ಮರೀಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ. ಭಾರತದ್ದಾದರೆ ಸೇವಾ ನ್ಯೂನತೆ ಅಂತ ಗ್ರಾಹಕ ಆಯೋಗಕ್ಕೆ ಹೋಗೋದೂ ಒಂದು ದಾರಿ. ಅಲ್ಲಿ ಕಾರಣ ಹುಟ್ಟಿದ ದಿನದಿಂದ, ಅಂದರೆ ನೀವು ಬಿದ್ದ ದಿನದಿಂದ, 2 ವರ್ಷ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಮನೆ ಇರೋ ಊರಿಗೆ ಅಲೆಯಬೇಕಿಲ್ಲ. ಅದೇ ದೂರಿನಲ್ಲಿ ಆ್ಯಪ್‌ನವರನ್ನೂ ಪ್ರತಿವಾದಿ ಮಾಡಿ. ಅವರು ಮಧ್ಯವರ್ತಿಯೋ ಅಲ್ಲವೋ ಅಂತ ಆಯೋಗವೇ ಹೇಳಲಿ. ಕೆಲವು ಕಡೆ ಆ್ಯಪ್‌ನ ಷರತ್ತಿನಲ್ಲಿ ಕೋರ್ಟಿನ ಬದಲು ಮಧ್ಯಸ್ಥಿಕೆಗೆ ಬರಬೇಕು ಅಂತಿರುತ್ತೆ. ಅದು ಸಾಮಾನ್ಯವಾಗಿ ನಿಮಗೂ ಆ್ಯಪ್‌ಗೂ ಇರೋ ಒಪ್ಪಂದ. ಮಾಲೀಕರ ಮೇಲಿನ ದಾರಿ ಅದರಿಂದ ತಾನಾಗೇ ಮುಚ್ಚಲ್ಲ.

ಕಟ್ಟುಪಟ್ಟಿ

ನಾನು ಮೂಳೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸೋನು. ಕಾನೂನು ಗೊತ್ತಿಲ್ಲ, ಮಣಿಕಟ್ಟು ಗೊತ್ತು. ಪ್ಲೇಟು ಹಾಕಿದ ಮೇಲೆ ಕೆಲವರಿಗೆ ಸ್ನಾಯುರಜ್ಜು ಉಜ್ಜಿ ನೋವು ಬಂದು ಪ್ಲೇಟು ತೆಗೆಸೋಕೆ ಇನ್ನೊಂದು ಆಪರೇಷನ್ ಬೇಕಾಗುತ್ತೆ. ಹಿಡಿತದ ಬಲ ಮೊದಲಿನಷ್ಟು ಬರುತ್ತೋ ಇಲ್ಲವೋ ಈಗಲೇ ಯಾರೂ ಹೇಳಲಾರರು. ಡಾಕ್ಟರು "ಇನ್ನು ಇಷ್ಟೇ" ಅನ್ನೋವರೆಗೆ ಅಂತಿಮ ಇತ್ಯರ್ಥ ಅನ್ನೋ ಪದಕ್ಕೆ ಅರ್ಥವೇ ಇಲ್ಲ. ಕೈಯ ಹಿಡಿತವನ್ನ ಡೈನಮೋಮೀಟರಲ್ಲಿ ಅಳೆದು ಪ್ರತಿ ಸಲ ಬರೆಸ್ಕೊಳ್ಳಿ, ಎಡಗೈಯದ್ದೂ ಜೊತೆಗೇ ಇರಲಿ.

ಸೂಜಿದಾರ

ಸಹಿ ಹಾಕಿಲ್ಲ, "ಪರಿಶೀಲಿಸ್ತಿದ್ದೀನಿ" ಅಂತಷ್ಟೇ ಬರೆದೆ. ವಕೀಲ ಸರ್ ಹೇಳಿದ್ದಕ್ಕೆ ಆ ಮನೆಯ ರಿವ್ಯೂಗಳನ್ನೆಲ್ಲ ಕೂತು ಓದಿದೆ. ನಮಗಿಂತ ಮುಂಚೆ ಇದ್ದವರೊಬ್ಬರು "ಮನೆ ಚೆನ್ನಾಗಿದೆ, ಮೆಟ್ಟಿಲ ಲೈಟ್ ಕೆಟ್ಟಿದೆ, ರಾತ್ರಿ ಜೋಪಾನ" ಅಂತ ಬರೆದಿದ್ದಾರೆ! ಕೆಳಗೆ ಮ್ಯಾನೇಜರದ್ದೇ ಉತ್ತರ: "ತಿಳಿಸಿದ್ದಕ್ಕೆ ಧನ್ಯವಾದ, ಸರಿಪಡಿಸುತ್ತೇವೆ." ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ.

ಕರಿಕೋಟು

ಮೇಡಂ, ಆ ವಿಧವೆಯ ಕೇಸಿನಲ್ಲಿ ಇಲ್ಲದೇ ಹೋದದ್ದು ಇದೇ. ಸ್ಕ್ರೀನ್‌ಶಾಟ್ ಒಂದೇ ಸಾಲದು. ವೆಬ್ ವಿಳಾಸ, ತಾರೀಖು ಕಾಣೋ ಹಾಗೆ ಇಡೀ ಪುಟವನ್ನ ಪಿಡಿಎಫ್ ಮಾಡಿ, ಮೇಲಿಂದ ಕೆಳಗೆ ಸರಿಸ್ತಾ ಸ್ಕ್ರೀನ್ ರೆಕಾರ್ಡಿಂಗ್ ಕೂಡ ಮಾಡಿ. ಯಾವ ಫೋನಿನಲ್ಲಿ ತೆಗೆದಿರೋ ಅದನ್ನ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಭಾರತದ ಕೋರ್ಟಿಗೆ ಹೋಗೋದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದನ್ನ ವಕೀಲರು ಮಾಡಿಸ್ತಾರೆ. ಜೊತೆಗೆ ಆ್ಯಪ್‌ಗೂ ಮಾಲೀಕರಿಗೂ ಒಂದು ಪತ್ರ ಹೋಗಲಿ: ಈ ಮನೆಯ ರಿವ್ಯೂ, ಮೆಸೇಜು, ದುರಸ್ತಿಯ ಬಿಲ್ಲು ಯಾವುದನ್ನೂ ಅಳಿಸಬೇಡಿ ಅಂತ. ಆ ರಿವ್ಯೂ ನಿಮಗೆ ಸಿಕ್ಕಿದೆ ಅಂತ ಮಾತ್ರ ಪತ್ರದಲ್ಲಿ ಬರೀಬೇಡಿ. ಎಲ್ಲ ಭದ್ರ ಮಾಡಿಕೊಂಡ ಮೇಲೆ, ನಾಳೆಯೇ ಕಳಿಸಿ.